ಸಾವಿರ ಸಲ ಕರಗುವ ತಟ್ಟೆ

ಮನೆಯಲ್ಲಿ ಹಳೆಯ ಸಿ.ಡಿ.ಗಳ ಕಟ್ಟು ಇನ್ನೂ ಉಳಿದಿದ್ದರೆ ಅವನ್ನು ಕಿಟಕಿಯ ಬೆಳಕಿಗೆ ಒಡ್ಡಿ, ಹೊಳೆಯುವ ಬದಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಅಂಗಡಿಯಿಂದ ತಂದ ಹಾಡಿನ ಸಿ.ಡಿ. ಬೆಳ್ಳಗೆ ಥಳಥಳಿಸುತ್ತದೆ. ಕಂಪ್ಯೂಟರಿನಲ್ಲಿ ನಾವೇ ರೈಟ್ ಮಾಡಿಕೊಂಡ ಸಿಡಿ-ಆರ್ ತುಸು ಹಸಿರು ಇಲ್ಲವೇ ನೀಲಿ ಛಾಯೆ ತೋರಿಸುತ್ತದೆ. ಇವುಗಳ ನಡುವೆ ಮಂಕು ಬೂದು ಬಣ್ಣದ ತಟ್ಟೆಯೊಂದು ಸಿಕ್ಕರೆ ಅದು ಸಿಡಿ-ಆರ್‌ಡಬ್ಲ್ಯೂ. ಬರೆದು, ಅಳಿಸಿ, ಅದರ ಮೇಲೇ ಮತ್ತೆ ಬರೆಯಬಹುದಾದ ತಟ್ಟೆ. ಆ ಬೂದು ಬಣ್ಣ ಅದರೊಳಗಿನ ಮಿಶ್ರಲೋಹದ ಪದರದ್ದು. ಪದರದ ದಪ್ಪ ಸುಮಾರು 20 ನ್ಯಾನೊಮೀಟರ್. ನಮ್ಮ ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಮೂರ್ನಾಲ್ಕು ಸಾವಿರ ಪದರಗಳನ್ನು ಒಂದರ ಮೇಲೊಂದು ಹೊಂದಿಸಬಹುದು.

ಈ ಪದರಕ್ಕೆ ಒಂದು ಗುಣವಿದೆ. ಅದರ ಯಾವುದೇ ಚುಕ್ಕೆಯನ್ನು ಕರಗಿಸಿ ಗಾಜಾಗಿಸಬಹುದು, ಮತ್ತೆ ಕಾಯಿಸಿ ಹರಳಾಗಿಸಬಹುದು. ಹೀಗೆ ಸಾವಿರ ಸಲದವರೆಗೂ ಮಾಡಬಹುದು. ರೀರೈಟಬಲ್ ತಟ್ಟೆಗಳ ಬಗ್ಗೆ ಬಳಸುವವರು ಕೇಳುತ್ತಿದ್ದ ಪ್ರಶ್ನೆಗಳೆಲ್ಲ, ಅಂದರೆ ಎಷ್ಟು ಸಲ ಬರೆಯಬಹುದು, ಅಳಿಸಿದ್ದು ನಿಜಕ್ಕೂ ಅಳಿಸಿತೇ, ಹಳೆಯ ಪ್ಲೇಯರಿನಲ್ಲಿ ಯಾಕೆ ಓಡುವುದಿಲ್ಲ, ಮದುವೆಯ ಫೋಟೊಗಳನ್ನು ಇದರಲ್ಲಿ ಇಡಬಹುದೇ ಎಂಬುದೆಲ್ಲ, ಕೊನೆಗೆ ಬಂದು ನಿಲ್ಲುವುದು ಈ ಕರಗುವಿಕೆಯ ಹತ್ತಿರವೇ. ಹಾಗಾಗಿ ನಾವೂ ಅಲ್ಲಿಂದಲೇ ಶುರುಮಾಡೋಣ.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸಕ್ಕರೆ ಪಾಕವನ್ನು ಹದಕ್ಕೆ ತಂದು, ಚೆನ್ನಾಗಿ ತಿರುವಿ ಅಚ್ಚಿಗೆ ಸುರಿದರೆ ಅದು ಆರುತ್ತ ಆರುತ್ತ ಬೆಳ್ಳಗೆ, ಒತ್ತಾಗಿ ಗಟ್ಟಿಯಾಗುತ್ತದೆ. ಅದರೊಳಗೆ ಸಕ್ಕರೆಯ ಅಣುಗಳು ಸಾಲುಗಟ್ಟಿ ಸಣ್ಣ ಸಣ್ಣ ಹರಳುಗಳಾಗಿ ಕೂತಿರುತ್ತವೆ. ಅದೇ ಸಕ್ಕರೆಯ ಪಾಕವನ್ನು ಇನ್ನೂ ಗಟ್ಟಿಯಾಗಿ ಕಾಯಿಸಿ, ತಿರುವದೆ ತಟಕ್ಕನೆ ತಣಿಸಿದರೆ ಲಾಲಿಪಾಪಿನ ಪಾರದರ್ಶಕ ಗಟ್ಟಿ ಸಿಗುತ್ತದೆ. ಅಲ್ಲಿ ಅಣುಗಳಿಗೆ ಸಾಲುಗಟ್ಟಲು ಪುರಸೊತ್ತೇ ಸಿಕ್ಕಿರುವುದಿಲ್ಲ. ದ್ರವದಲ್ಲಿ ಹೇಗೆ ಅಡ್ಡಾದಿಡ್ಡಿ ಇದ್ದವೋ ಹಾಗೆಯೇ ನಿಂತುಬಿಟ್ಟಿವೆ. ವಿಜ್ಞಾನಿಗಳು ಇಂಥ ಘನವನ್ನೇ ಗಾಜು ಎನ್ನುತ್ತಾರೆ. ವಸ್ತು ಒಂದೇ. ನೋಟ ಬೇರೆಯಾದದ್ದು ತಣಿದ ವೇಗದಿಂದ.

ಬಹುತೇಕ ಲೋಹಗಳನ್ನು ಎಷ್ಟೇ ಬೇಗ ತಣಿಸಿದರೂ ಅವು ಹರಳಾಗಿಯೇ ಕೂರುತ್ತವೆ. ಕಿಟಕಿಯ ಗಾಜು ಇದಕ್ಕೆ ತದ್ವಿರುದ್ಧ: ಗಾಜಾಗಿಯೇ ಇರುತ್ತದೆ, ಹರಳಾಗಿಸುವುದು ಬಲು ಕಷ್ಟ. ಮತ್ತೆ ಮತ್ತೆ ಬರೆಯಲು ಬೇಕಾಗಿದ್ದು ಈ ಎರಡರ ನಡುವಿನ ವಸ್ತು. ಕೋಣೆಯ ಉಷ್ಣತೆಯಲ್ಲಿ ಎರಡೂ ರೂಪಗಳಲ್ಲಿ ವರ್ಷಗಟ್ಟಲೆ ನಿಲ್ಲಬೇಕು, ಬೇಕೆಂದಾಗ ಸೆಕೆಂಡಿನ ಕೋಟಿಯ ಒಂದೆರಡು ಪಾಲಿನಷ್ಟು ಹೊತ್ತಿನಲ್ಲಿ ಒಂದು ರೂಪದಿಂದ ಇನ್ನೊಂದಕ್ಕೆ ಹೊರಳಬೇಕು. ಎರಡು ರೂಪಗಳ ಹೊಳಪಿನಲ್ಲಿ ಕಣ್ಣಿಗೆ ಅಥವಾ ಲೇಸರಿಗೆ ಕಾಣುವಷ್ಟು ವ್ಯತ್ಯಾಸವೂ ಇರಬೇಕು. ಕೇಳಲು ಅತಿಯಾಸೆ ಅನ್ನಿಸುವ ಈ ಪಟ್ಟಿಗೆ ಒಗ್ಗುವ ವಸ್ತುಗಳು ಸಿಕ್ಕಿದ್ದು ಟೆಲ್ಯೂರಿಯಮ್ ಎಂಬ ಧಾತುವಿನ ನೆರೆಹೊರೆಯಲ್ಲಿ. ಭೂಮಿಯ ತೊಗಟೆಯಲ್ಲಿ ಚಿನ್ನದಷ್ಟೇ ಅಪರೂಪದ ಧಾತು ಇದು.

ದಾರಿ ತೋರಿಸಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ಓವ್‌ಶಿನ್ಸ್ಕಿ. 1922ರಲ್ಲಿ ಒಹಾಯೊದ ಆಕ್ರನ್ ಊರಿನಲ್ಲಿ ಹುಟ್ಟಿದ ಇವರು ಕಾಲೇಜಿನ ಮೆಟ್ಟಿಲು ಹತ್ತಿ ಪದವಿ ಪಡೆದವರಲ್ಲ. ಲೇತ್ ಯಂತ್ರದ ಮುಂದೆ ನಿಂತು ಕೆಲಸ ಕಲಿತವರು, ಓದಿದ್ದೆಲ್ಲ ಪುಸ್ತಕಗಳಿಂದ. ಅರೆವಾಹಕಗಳ ಭೌತವಿಜ್ಞಾನವೆಂದರೆ ಅಪ್ಪಟ, ಶುದ್ಧ ಹರಳುಗಳ ಭೌತವಿಜ್ಞಾನ ಎಂದು ದೊಡ್ಡ ಪ್ರಯೋಗಾಲಯಗಳೆಲ್ಲ ನಂಬಿದ್ದ ಕಾಲದಲ್ಲಿ ಅವರು ಅಡ್ಡಾದಿಡ್ಡಿ ಅಣುಗಳ ಗಾಜುಗಳ ಹಿಂದೆ ಬಿದ್ದರು. ಅಂಥ ಗಾಜಿನ ತೆಳುಪದರಕ್ಕೆ ವಿದ್ಯುತ್ ಹಾಯಿಸಿದಾಗ ಒಂದು ಮಿತಿ ದಾಟಿದೊಡನೆ ಅದು ನಿರೋಧಕದಿಂದ ವಾಹಕವಾಗಿ ಬದಲಾಗುತ್ತದೆ, ಮತ್ತೆ ಹಿಂದಿರುಗಿಸಲೂ ಬಹುದು ಎಂದು 1968ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಅವರೂ ಅವರ ಸಂಗಡಿಗರೂ ಅದೇ ಬದಲಾವಣೆಯನ್ನು ಲೇಸರ್ ಬೆಳಕಿನಿಂದ ಮಾಡಿ ತೋರಿಸಿದರು. ವಿಶ್ವವಿದ್ಯಾಲಯದ ಬೆಂಬಲವಿಲ್ಲದ ಒಬ್ಬ ಮನುಷ್ಯ, ಎಲ್ಲರೂ ಕೊಳಕು ವಸ್ತು ಎಂದು ಪಕ್ಕಕ್ಕಿಟ್ಟದ್ದನ್ನು ಕೈಗೆತ್ತಿಕೊಂಡು ಹೊಸದೊಂದು ಉದ್ಯಮಕ್ಕೆ ತಳಹದಿ ಹಾಕಿದ್ದು ವಿಜ್ಞಾನದ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ಪ್ರಸಂಗಗಳಲ್ಲೊಂದು.

ಆದರೆ ಓವ್‌ಶಿನ್ಸ್ಕಿಯವರ ಮೊದಲ ಗಾಜುಗಳು ತಟ್ಟೆಗೆ ಒಗ್ಗುವಷ್ಟು ಚುರುಕಾಗಿರಲಿಲ್ಲ. ಆ ಕೊರತೆ ನೀಗಿಸಿದ್ದು ಜಪಾನಿನ ಮತ್ಸುಶಿತಾ ಕಂಪನಿಯಲ್ಲಿ, ಅಂದರೆ ಇಂದಿನ ಪ್ಯಾನಸಾನಿಕ್‌ನಲ್ಲಿ, ನೊಬೊರು ಯಮಾದಾ ಮತ್ತು ಅವರ ಬಳಗ. 1980ರ ದಶಕದ ಕೊನೆಯಲ್ಲಿ ಅವರು ಜರ್ಮೇನಿಯಮ್, ಆಂಟಿಮನಿ, ಟೆಲ್ಯೂರಿಯಮ್ ಮೂರನ್ನೂ ಗೊತ್ತಾದ ಪ್ರಮಾಣದಲ್ಲಿ ಕೂಡಿಸಿದಾಗ ಸೆಕೆಂಡಿನ ಕೋಟಿಯ ಪಾಲಿನ ಲೆಕ್ಕದಲ್ಲಿ ಹರಳಾಗುವ ಮಿಶ್ರಣ ಸಿಕ್ಕಿತು. ಡಿವಿಡಿ-ರ್‍ಯಾಮ್ ಎಂಬ ಇನ್ನೊಂದು ಬಗೆಯ ರೀರೈಟಬಲ್ ತಟ್ಟೆಗಳಲ್ಲಿ ಕೂತದ್ದು ಈ ಕುಟುಂಬದ ಮಿಶ್ರಣ. ಸಿಡಿ-ಆರ್‌ಡಬ್ಲ್ಯೂ ತಟ್ಟೆಗಳಲ್ಲಿ ಸಾಮಾನ್ಯವಾಗಿ ಬಳಸಿದ್ದು ಬೆಳ್ಳಿ, ಇಂಡಿಯಮ್, ಆಂಟಿಮನಿ, ಟೆಲ್ಯೂರಿಯಮ್ ನಾಲ್ಕೂ ಸೇರಿದ ಇನ್ನೊಂದು ಮಿಶ್ರಲೋಹವನ್ನು. ಇವೆರಡರ ಸ್ವಭಾವದಲ್ಲಿ ಒಂದು ಸೊಗಸಾದ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಗಾಜಿನ ಚುಕ್ಕೆಯ ಒಳಗೇ ಅಲ್ಲಲ್ಲಿ ಹರಳಿನ ಬೀಜಗಳು ಮೊಳೆತು ಬೆಳೆದು ಒಂದನ್ನೊಂದು ಮುಟ್ಟುತ್ತವೆ. ಎರಡನೆಯದರಲ್ಲಿ ಬೀಜ ಮೊಳೆಯುವುದು ಕಡಿಮೆ. ಚುಕ್ಕೆಯ ಸುತ್ತಲಿನ ಹರಳು ಅಂಚಿನಿಂದ ಒಳಕ್ಕೆ ಒತ್ತುವರಿ ಮಾಡುತ್ತ ಗಾಜನ್ನು ನುಂಗುತ್ತದೆ.

ಈಗ ತಟ್ಟೆಯನ್ನು ಡ್ರೈವಿನೊಳಗೆ ಹಾಕೋಣ. ಹೊರಗಿಂದ ನೋಡಿದರೆ ಎಲ್ಲ ಸಿ.ಡಿ.ಗಳೂ ಒಂದೇ: 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ, ನಡುವೆ 15 ಮಿಲಿಮೀಟರ್ ತೂತು, ಮೈಯೆಲ್ಲ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ರೀರೈಟಬಲ್ ತಟ್ಟೆಯಲ್ಲಿ ಆ ಪ್ಲಾಸ್ಟಿಕ್ಕಿನ ಮೇಲೆ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಸಣ್ಣ ಗೆರೆಕಾಲುವೆಯೊಂದನ್ನು ಕಾರ್ಖಾನೆಯಲ್ಲೇ ಕೊರೆದಿರುತ್ತಾರೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 1.6 ಮೈಕ್ರಾನ್, ಅಂದರೆ ಮಿಲಿಮೀಟರಿನಲ್ಲಿ ಆರುನೂರಕ್ಕೂ ಹೆಚ್ಚು ಸುತ್ತು. ಕಾಲುವೆ ನೇರವಾಗಿಲ್ಲ, ಸಣ್ಣಗೆ ಬಳುಕುತ್ತ ಸಾಗುತ್ತದೆ. ಆ ಬಳುಕಿನಲ್ಲೇ ಲೇಸರ್ ಈಗ ತಟ್ಟೆಯ ಯಾವ ಜಾಗದಲ್ಲಿದೆ, ಈ ತಟ್ಟೆ ಯಾವ ತಯಾರಕರದು, ಎಷ್ಟು ಶಕ್ತಿಯ ಲೇಸರ್ ಇದಕ್ಕೆ ಹಿಡಿಸುತ್ತದೆ ಎಂಬ ಮಾಹಿತಿಯನ್ನೆಲ್ಲ ಅಡಗಿಸಿಟ್ಟಿರುತ್ತಾರೆ. ಖಾಲಿ ತಟ್ಟೆ ನಿಜವಾಗಿ ಪೂರ್ತಿ ಖಾಲಿಯಲ್ಲ.

ಕಾರ್ಖಾನೆಯಿಂದ ಹೊರಬರುವ ತಟ್ಟೆಯಲ್ಲಿ ಲೋಹದ ಪದರ ಹರಳಿನ ರೂಪದಲ್ಲಿರುತ್ತದೆ. ಅದನ್ನು ಅಪ್ಪಿಕೊಂಡು ಮೇಲೊಂದು ಕೆಳಗೊಂದು ಸತುವಿನ ಸಲ್ಫೈಡ್ ಮತ್ತು ಸಿಲಿಕಾ ಬೆರೆಸಿದ ಕಾವಲು ಪದರಗಳಿವೆ; ಬಿಸಿಯಾದ ಲೋಹ ಅತ್ತಿತ್ತ ಹರಿಯದಂತೆ ಹಿಡಿದಿಡುವುದು, ಶಾಖ ಎಷ್ಟು ವೇಗದಲ್ಲಿ ಆಚೆ ಹೋಗಬೇಕೆಂದು ನಿಯಂತ್ರಿಸುವುದು ಅವುಗಳ ಕೆಲಸ. ಇವೆಲ್ಲದರ ಹಿಂದೆ ಅಲ್ಯೂಮಿನಿಯಮ್ ಮಿಶ್ರಲೋಹದ ಪದರವಿದ್ದು, ಬೆಳಕನ್ನು ಪ್ರತಿಫಲಿಸುವುದರ ಜೊತೆಗೆ ಶಾಖವನ್ನೂ ಹೀರಿಕೊಳ್ಳುತ್ತದೆ.

ಓದುವಾಗ ಲೇಸರಿನ ಶಕ್ತಿ ಒಂದು ಮಿಲಿವಾಟಿಗೂ ಕಡಿಮೆ. ಅದರಿಂದ ಪದರಕ್ಕೆ ಏನೂ ಆಗುವುದಿಲ್ಲ. ಬರೆಯುವಾಗ ಅದೇ ಲೇಸರ್ ಹತ್ತಾರು ಪಟ್ಟು ಉಜ್ವಲವಾಗುತ್ತದೆ. ಒಂದು ಮೈಕ್ರಾನ್ ಅಗಲದ ಚುಕ್ಕೆ 500ರಿಂದ 700 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಕರಗುತ್ತದೆ. ಲೇಸರ್ ಆರಿದೊಡನೆ ಶಾಖ ಅಕ್ಕಪಕ್ಕದ ಪದರಗಳಿಗೆ ಹರಿದುಹೋಗಿ ಚುಕ್ಕೆ ತಕ್ಷಣ ತಣಿಯುತ್ತದೆ. ಅಣುಗಳಿಗೆ ಸಾಲು ಹಿಡಿಯಲು ಸಮಯ ಸಿಗುವುದಿಲ್ಲ, ಚುಕ್ಕೆ ಗಾಜಾಗುತ್ತದೆ, ಅದರ ಹೊಳಪು ತಗ್ಗುತ್ತದೆ. ಅಳಿಸಬೇಕಾದರೆ ಲೇಸರ್ ಮಧ್ಯಮ ಶಕ್ತಿಯಲ್ಲಿ ಉರಿಯುತ್ತದೆ. ಚುಕ್ಕೆ ಕರಗದೆ ಸುಮಾರು 200 ಡಿಗ್ರಿಗೂ ಮೇಲೆ ಒಂದಿಷ್ಟು ಹೊತ್ತು ಬಿಸಿಯಾಗಿರುತ್ತದೆ. ಅಷ್ಟು ಬಿಸಿಯಲ್ಲಿ ಅಣುಗಳು ಕದಲಿ, ಸಾಲು ಹಿಡಿದು, ಮತ್ತೆ ಹರಳಾಗುತ್ತವೆ.

ಇಲ್ಲೊಂದು ಕುಸುರಿ ಕೆಲಸವಿದೆ. ಸಿ.ಡಿ.ಯಲ್ಲಿ ಮಾಹಿತಿ ಇರುವುದು ಗುರುತುಗಳ ಉದ್ದದಲ್ಲಿ. ಅತಿ ಚಿಕ್ಕ ಗುರುತು 0.8 ಮೈಕ್ರಾನಿನ ಆಸುಪಾಸು, ದೊಡ್ಡದು 3 ಮೈಕ್ರಾನಿಗೂ ತುಸು ಹೆಚ್ಚು. ಹೊಳಪು ಬದಲಾಗುವ ಅಂಚು ಎಲ್ಲಿ ಬಂತೆಂಬುದನ್ನು ಡ್ರೈವು ಅಳೆಯುತ್ತದೆ. ಉದ್ದದ ಗುರುತು ಬರೆಯಲು ಲೇಸರನ್ನು ಅಷ್ಟು ಹೊತ್ತೂ ಒಂದೇ ಸಮನೆ ಉರಿಸಿದರೆ ಶಾಖ ಮುಂದೆ ಮುಂದೆ ಒಟ್ಟುಗೂಡಿ ಗುರುತಿನ ಬಾಲ ಉಬ್ಬುತ್ತದೆ, ಹಿಂದೆ ಬರೆದ ಭಾಗ ನಿಧಾನವಾಗಿ ತಣಿದು ಮರಳಿ ಹರಳಾಗಿಬಿಡುತ್ತದೆ. ಅದಕ್ಕಾಗಿ ಲೇಸರ್ ಒಂದೇ ಗುರುತಿನೊಳಗೆ ಹಲವು ಸಲ ಮಿನುಗುತ್ತದೆ: ಉರಿ, ಆರು, ಉರಿ, ಆರು. ಪ್ರತಿ ಆರುವಿಕೆಯಲ್ಲೂ ಒಂದು ತುಣುಕು ಗಾಜಾಗಿ ನಿಲ್ಲುತ್ತದೆ. ಗುರುತು ಮುಗಿದು ಖಾಲಿ ಜಾಗ ಬಂದಾಗ ಲೇಸರ್ ಪೂರ್ತಿ ಆರುವುದಿಲ್ಲ, ಅಳಿಸುವ ಮಧ್ಯಮ ಶಕ್ತಿಗೆ ಇಳಿಯುತ್ತದೆ. ಆ ಜಾಗದಲ್ಲಿ ಹಿಂದಿನ ಸಲದ ಗುರುತೇನಾದರೂ ಇದ್ದರೆ ಅದು ಹೋಗುವ ದಾರಿಯಲ್ಲೇ ಹರಳಾಗಿ ಅಳಿದುಹೋಗುತ್ತದೆ. ಅಂದರೆ ಒಂದೇ ಓಟದಲ್ಲಿ ಹಳೆಯದು ಅಳಿಯುತ್ತದೆ, ಹೊಸದು ಮೂಡುತ್ತದೆ. ಮೊದಲು ಅಳಿಸಿ ಆಮೇಲೆ ಬರೆಯಬೇಕೆಂಬ ನಿರ್ಬಂಧ ಭೌತವಿಜ್ಞಾನದ್ದಲ್ಲ. ಅದು ಎಲ್ಲಿಂದ ಬಂತೆಂದು ಮುಂದೆ ನೋಡೋಣ.

ವೇಗದ ಗೊಂದಲವೂ ಇಲ್ಲಿಂದಲೇ ಹುಟ್ಟಿತು. ಸಿ.ಡಿ.ಯ ಮೂಲ ವೇಗದಲ್ಲಿ ಸುರುಳಿ ಲೇಸರಿನ ಮುಂದೆ ಸೆಕೆಂಡಿಗೆ ಸುಮಾರು 1.2 ಮೀಟರ್ ಸಾಗುತ್ತದೆ. ಒಂದು ಚುಕ್ಕೆಯ ಮೇಲೆ ಬೆಳಕು ನಿಲ್ಲುವುದು ಒಂದು ಮೈಕ್ರೊಸೆಕೆಂಡಿಗೂ ಕಡಿಮೆ. ಹತ್ತು ಪಟ್ಟು ವೇಗದಲ್ಲಿ ಬರೆದರೆ ಆ ಅವಧಿ ಅದರ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಅಷ್ಟರೊಳಗೆ ಹಳೆಯ ಗಾಜು ಹರಳಾಗಬೇಕು. ಸಾವಕಾಶವಾಗಿ ಹರಳಾಗುವ ಮಿಶ್ರಲೋಹಕ್ಕೆ ಅದು ಸಾಧ್ಯವಾಗದೆ ಹಳೆಯ ಗುರುತಿನ ಉಳಿಕೆಗಳು ನಿಲ್ಲುತ್ತವೆ. ಬೇಗ ಹರಳಾಗುವ ಮಿಶ್ರಲೋಹವನ್ನು ನಿಧಾನದ ಡ್ರೈವಿನಲ್ಲಿ ಹಾಕಿದರೆ ಬರೆದ ಗುರುತು ಗಾಜಾಗಿ ನಿಲ್ಲುವ ಮೊದಲೇ ಹರಳಾಗಿ ಅಳಿಯುತ್ತದೆ. ಅದಕ್ಕೇ ಸಾದಾ, ಹೈ ಸ್ಪೀಡ್, ಅಲ್ಟ್ರಾ ಸ್ಪೀಡ್ ಎಂದು ಬೇರೆ ಬೇರೆ ಸಿಡಿ-ಆರ್‌ಡಬ್ಲ್ಯೂಗಳನ್ನು ಮಾರಬೇಕಾಯಿತು. ಹಳೆಯ ರೈಟರ್ ಇದ್ದವರು ಹೊಸ ತಟ್ಟೆ ತಂದು, ಅದು ಬರೆಯದೆ ಹೋದಾಗ ತಟ್ಟೆಯೇ ಕೆಟ್ಟದ್ದೆಂದು ಬಿಸಾಡಿದ್ದುಂಟು. ತಟ್ಟೆಯಲ್ಲಿ ದೋಷವಿರಲಿಲ್ಲ.

ಹಳೆಯ ವಿಸಿಡಿ ಪ್ಲೇಯರುಗಳು ಈ ತಟ್ಟೆಯನ್ನು ಮುಟ್ಟದೆ ಇದ್ದುದಕ್ಕೆ ಕಾರಣ ಇನ್ನೂ ಸರಳ. ಅಚ್ಚಾದ ಸಿ.ಡಿ. ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 70ರಷ್ಟನ್ನು ಹಿಂದಿರುಗಿಸುತ್ತದೆ. ಸಿಡಿ-ಆರ್‌ಡಬ್ಲ್ಯೂ ಹಿಂದಿರುಗಿಸುವುದು ಶೇಕಡಾ 15ರಿಂದ 25 ಮಾತ್ರ. ಮೊದಲ ತಲೆಮಾರಿನ ಪ್ಲೇಯರಿನ ಬೆಳಕಿನ ಸಂವೇದಕಕ್ಕೆ ಇದು ಸಾಲದೆ, ಟ್ರೇಯಲ್ಲಿ ತಟ್ಟೆಯೇ ಇಲ್ಲವೆಂದು ಅದು ತಿಳಿಯುತ್ತಿತ್ತು. 1997ರಲ್ಲಿ ಈ ತಟ್ಟೆಗಳು ಮಾರುಕಟ್ಟೆಗೆ ಬಂದ ಕಾಲಕ್ಕೆ ಮಂದ ಬೆಳಕನ್ನೂ ಹಿಗ್ಗಿಸಿ ಓದುವ ಮಲ್ಟಿರೀಡ್ ಡ್ರೈವುಗಳನ್ನು ತಯಾರಿಸಲು ಕಂಪನಿಗಳು ಒಪ್ಪಿಕೊಂಡದ್ದರಿಂದ ಕಂಪ್ಯೂಟರುಗಳಲ್ಲಾದರೂ ಆ ತೊಂದರೆ ಬಗೆಹರಿಯಿತು.

ಇನ್ನು ಬಳಕೆಯ ಮಾತು. ಈ ತಟ್ಟೆಯಲ್ಲಿ ಹಿಡಿಯುವ 650 ಮೆಗಾಬೈಟ್ ಎಂದರೆ 1.44 ಮೆಗಾಬೈಟಿನ 450 ಫ್ಲಾಪಿಗಳು. ಟ್ಯಾಲಿಯಲ್ಲಿ ಲೆಕ್ಕ ಇಡುತ್ತಿದ್ದ ಅಂಗಡಿಗೆ, ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಪತ್ರಿಕೆ ಟೈಪು ಮಾಡಿಸುತ್ತಿದ್ದ ಡಿಟಿಪಿ ಕೇಂದ್ರಕ್ಕೆ ಅಷ್ಟು ಜಾಗ ಒಮ್ಮೆಲೇ ಸಿಕ್ಕಿದ್ದು ದೊಡ್ಡ ಸಂಗತಿ. ಅದೇ ತಟ್ಟೆಯನ್ನು ಮುಂದಿನ ವಾರ ಅಳಿಸಿ ಮತ್ತೆ ಬಳಸಬಹುದಿತ್ತು. ಆದರೆ ಅಳಿಸು ಎಂಬ ಗುಂಡಿ ಒತ್ತಿದಾಗ ಕಂಪ್ಯೂಟರು ಎರಡು ಆಯ್ಕೆ ಕೊಡುತ್ತಿತ್ತು. ಬೇಗನೆ ಅಳಿಸುವುದು ಒಂದು, ಪೂರ್ತಿ ಅಳಿಸುವುದು ಇನ್ನೊಂದು. ಮೊದಲನೆಯದು ಒಂದೆರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಎರಡನೆಯದಕ್ಕೆ, ನಾಲ್ಕು ಪಟ್ಟು ವೇಗದ ಡ್ರೈವಿನಲ್ಲಿ, ಹತ್ತಿರ ಹತ್ತಿರ 20 ನಿಮಿಷ.

ಈ ವ್ಯತ್ಯಾಸವನ್ನು ಗಮನವಿಟ್ಟು ತಿಳಿದುಕೊಳ್ಳಬೇಕು. ತಟ್ಟೆಯ ಒಳಅಂಚಿನಲ್ಲಿ ಪರಿವಿಡಿಯ ಜಾಗವಿದೆ. ಯಾವ ಟ್ರ್ಯಾಕು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಅಲ್ಲಿ ಬರೆದಿರುತ್ತದೆ. ಬೇಗನೆ ಅಳಿಸುವಾಗ ಲೇಸರ್ ಆ ಪರಿವಿಡಿಯನ್ನಷ್ಟೇ ಹರಳಾಗಿಸುತ್ತದೆ. ಹೊರಗಿನ ಸುರುಳಿಯಲ್ಲಿ ನಿಮ್ಮ ಕಡತಗಳು ಗಾಜಿನ ಗುರುತುಗಳಾಗಿ ಹಾಗೇ ಕೂತಿರುತ್ತವೆ. ಹೊಸದು ಅವುಗಳ ಮೇಲೆ ಬರೆಯುವವರೆಗೂ ಅವು ಅಲ್ಲೇ ಇರುತ್ತವೆ. ತಕ್ಕ ಸಾಧನವಿರುವವರು ಓದಬಲ್ಲರು. ಮೊದಲು ಅಳಿಸಬೇಕೆಂಬ ನಿರ್ಬಂಧದ ಮೂಲವೂ ಈ ಪರಿವಿಡಿಯೇ. ಒಂದು ಸುರುಳಿಯನ್ನು ತುದಿಯಿಂದ ತುದಿಗೆ ಒಂದೇ ಓಟದಲ್ಲಿ ಬರೆದು ಮುಚ್ಚುವುದು ಹಾಡಿನ ಸಿ.ಡಿ.ಯಿಂದ ಬಂದ ಪದ್ಧತಿ. ಮುಚ್ಚಿದ ತಟ್ಟೆಯನ್ನು ಡ್ರೈವು ತುಂಬಿದ್ದೆಂದೇ ಎಣಿಸುತ್ತದೆ. ಪರಿವಿಡಿ ತೆಗೆದ ಮೇಲೆ ಮತ್ತೆ ಖಾಲಿ ಎನ್ನುತ್ತದೆ. ಹಾಗಾಗಿ ತಟ್ಟೆಯನ್ನು ಮನೆಯವರಲ್ಲೇ ಸುತ್ತಿಸುವುದಾದರೆ ಬೇಗನೆ ಅಳಿಸಿದರೆ ಸಾಕು. ಬೇರೆಯವರ ಕೈಗೆ ಕೊಡುವುದಾದರೆ, ಅದರಲ್ಲಿ ಯಾರದ್ದಾದರೂ ಲೆಕ್ಕಪತ್ರ, ವೈದ್ಯಕೀಯ ವರದಿ ಇದ್ದಿದ್ದರೆ, ಆ 20 ನಿಮಿಷ ಕಾಯಲೇಬೇಕು.

ಫ್ಲಾಪಿಯಂತೆ ಬೇಕಾದ ಫೈಲನ್ನು ಎಳೆದು ಹಾಕಿ, ಬೇಡವಾದದ್ದನ್ನು ಅಳಿಸುವ ಇನ್ನೊಂದು ದಾರಿಯೂ ಇತ್ತು. ಡೈರೆಕ್ಟ್‌ಸಿಡಿ, ಇನ್‌ಸಿಡಿ ಎಂಬ ತಂತ್ರಾಂಶಗಳು ತಟ್ಟೆಯನ್ನು ಮೊದಲೇ ಸಣ್ಣ ಸಣ್ಣ ಪೊಟ್ಟಣಗಳಾಗಿ ಹಂಚುತ್ತಿದ್ದವು. ಒಂದೊಂದು ಪೊಟ್ಟಣದಲ್ಲೂ ಮಾಹಿತಿಗೆ 32 ಕೋಣೆ, ಪೊಟ್ಟಣಗಳನ್ನು ಜೋಡಿಸುವ ಅಂಟಿಗೆ ಇನ್ನೂ 7 ಕೋಣೆ. ಹೀಗೆ ಶೇಕಡಾ 18ರಷ್ಟು ಜಾಗ ಜೋಡಣೆಗೇ ಹೋಗಿ 650 ಮೆಗಾಬೈಟಿನ ತಟ್ಟೆಯಲ್ಲಿ ಸುಮಾರು 530 ಉಳಿಯುತ್ತಿತ್ತು. ಜಾಗ ಕಡಿಮೆಯಾಗಿದ್ದಕ್ಕೆ ಜನ ಗೊಣಗಿದರು. ನನ್ನ ಲೆಕ್ಕದಲ್ಲಿ ಜಾಗಕ್ಕಿಂತ ದೊಡ್ಡ ಸಮಸ್ಯೆ ಸವೆತ.

ಸಿಡಿ-ಆರ್‌ಡಬ್ಲ್ಯೂವನ್ನು ಸಾವಿರ ಸಲ ಬರೆಯಬಹುದೆಂದು ಹೇಳುವಾಗ ಅದರ ಅರ್ಥ ತಟ್ಟೆಯ ಒಂದೊಂದು ಜಾಗವನ್ನೂ ಸಾವಿರ ಸಲ ಎಂದು. ಕರಗಿದ ಲೋಹ ಪ್ರತಿ ಸಲವೂ ಕಿಂಚಿತ್ತಾದರೂ ಅಲುಗುತ್ತದೆ. ಕಾವಲು ಪದರದ ಗಂಧಕ ಸ್ವಲ್ಪ ಸ್ವಲ್ಪವಾಗಿ ಲೋಹದೊಳಕ್ಕೆ ನುಸುಳುತ್ತದೆ. ಪದರ ಒಂದು ಕಡೆ ತೆಳುವಾಗಿ ಇನ್ನೊಂದು ಕಡೆ ದಪ್ಪವಾಗುತ್ತದೆ. ಹೊಳಪಿನ ಅಂತರ ತಗ್ಗಿ, ಅಂಚುಗಳು ಮಸುಕಾಗಿ, ಕೊನೆಗೊಮ್ಮೆ ಡ್ರೈವಿಗೆ ಗಾಜು ಯಾವುದು ಹರಳು ಯಾವುದು ತಿಳಿಯುವುದಿಲ್ಲ. ವಾರಕ್ಕೊಮ್ಮೆ ಇಡೀ ತಟ್ಟೆಯನ್ನು ಅಳಿಸಿ ಬರೆದರೆ ಸಾವಿರ ಮುಗಿಯಲು 19 ವರ್ಷ ಬೇಕು. ಅಷ್ಟರೊಳಗೆ ಗೀರು ಬೀಳುತ್ತದೆ ಅಥವಾ ಡ್ರೈವೇ ಹೋಗುತ್ತದೆ. ಸಾವಿರದ ಮಿತಿ ಅಡ್ಡ ಬರುವುದಿಲ್ಲ. ಫೈಲು ಎಳೆದು ಹಾಕುವ ಪದ್ಧತಿಯಲ್ಲಿ ಹಾಗಲ್ಲ. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ ಒಂದು ಗೊತ್ತಾದ ಜಾಗದಲ್ಲಿದ್ದು, ಫೈಲೊಂದನ್ನು ಸೇವ್ ಮಾಡಿದಾಗಲೆಲ್ಲ ಆ ಜಾಗವೇ ಕರಗುತ್ತದೆ. ದಿನವಿಡೀ ಕೆಲಸ ಮಾಡುತ್ತ ಅದೇ ತಟ್ಟೆಗೆ ಸೇವ್ ಮಾಡಿದರೆ ತಟ್ಟೆಯ ಮುಕ್ಕಾಲು ಭಾಗ ಹೊಸದಾಗಿಯೇ ಇದ್ದು ಪಟ್ಟಿಯ ಜಾಗ ಮಾತ್ರ ಸವೆದು, ಇಡೀ ತಟ್ಟೆ ಓದಲಾಗದೆ ಹೋಗಬಹುದು. ಕೆಟ್ಟ ಜಾಗದ ಬದಲು ಮೀಸಲು ಜಾಗ ಬಳಸುವ ಏರ್ಪಾಟು ಆ ಕಡತ ವ್ಯವಸ್ಥೆಯಲ್ಲೇ ಇತ್ತು. ಆದರೂ ತಟ್ಟೆಯನ್ನು ಹಾರ್ಡ್ ಡಿಸ್ಕಿನ ಹಾಗೆ ಬಳಸಿದ್ದು ತಪ್ಪು ಬಳಕೆಯೇ.

ಆ ರೀತಿಯ ಬಳಕೆಗೆ ನಿಜವಾಗಿ ತಕ್ಕುದಾಗಿದ್ದದ್ದು ಡಿವಿಡಿ-ರ್‍ಯಾಮ್. ಯಮಾದಾ ಬಳಗ ಲೋಹಕ್ಕೂ ಕಾವಲು ಪದರಕ್ಕೂ ನಡುವೆ ಜರ್ಮೇನಿಯಮ್ ನೈಟ್ರೈಡಿನ ತೆಳು ತಡೆಯೊಂದನ್ನು ಇಟ್ಟು ಗಂಧಕದ ನುಸುಳುವಿಕೆಯನ್ನು ನಿಲ್ಲಿಸಿತು. ಸಾವಿರದ ಲೆಕ್ಕ ಲಕ್ಷಕ್ಕೆ ಏರಿತು. ತಟ್ಟೆಯ ಮೇಲೆ ಜಾಗ ಜಾಗಕ್ಕೂ ಅಚ್ಚಾದ ವಿಳಾಸವಿತ್ತು, ಕೆಟ್ಟ ಜಾಗ ಬಿಟ್ಟು ಹೋಗುವ ಜಾಣ್ಮೆ ಡ್ರೈವಿನಲ್ಲೇ ಇತ್ತು, ಕೆಲವು ತಟ್ಟೆಗಳಿಗೆ ಧೂಳು ತಾಗದಂತೆ ಪೆಟ್ಟಿಗೆಯೂ ಇತ್ತು. ಇಷ್ಟಿದ್ದೂ ಅದು ಎಲ್ಲೆಡೆ ಹಬ್ಬಲಿಲ್ಲ. ಬೇರೆ ಡ್ರೈವುಗಳಲ್ಲಿ ಓಡುತ್ತಿರಲಿಲ್ಲ, ಬೆಲೆಯೂ ಜಾಸ್ತಿ. ಒಳ್ಳೆಯ ತಂತ್ರಜ್ಞಾನಕ್ಕೆ ಸಿಗಬೇಕಾದ ಬಾಳಿಕೆ ಅದಕ್ಕೆ ಸಿಗಲಿಲ್ಲ ಎಂಬ ಬೇಸರ ನನಗಿದೆ.

ಬೆಲೆಯೇ ಸಿಡಿ-ಆರ್‌ಡಬ್ಲ್ಯೂವನ್ನೂ ಸೋಲಿಸಿತು. ಗ್ರೇಟರ್ ನೋಯ್ಡಾದಲ್ಲಿ ಮೋಸರ್ ಬೇಯರ್ ಕಂಪನಿ ಕೋಟಿಗಟ್ಟಲೆ ತಟ್ಟೆ ಹೊರಡಿಸತೊಡಗಿ, ಜಗತ್ತಿನ ದೊಡ್ಡ ತಯಾರಕರ ಸಾಲಿಗೆ ಸೇರಿದ ವರ್ಷಗಳಲ್ಲಿ ಒಮ್ಮೆ ಮಾತ್ರ ಬರೆಯುವ ಸಿಡಿ-ಆರ್ ತೀರ ಅಗ್ಗವಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸ್ಪಿಂಡಲ್ ಲೆಕ್ಕದಲ್ಲಿ ಸಿಡಿ-ಆರ್ ಸಿಗುವಾಗ ಅದರ ಹಲವು ಪಟ್ಟು ಕೊಟ್ಟು ಅಳಿಸಬಹುದಾದ ತಟ್ಟೆಯನ್ನು ಕೊಳ್ಳುವವರು ಕಡಿಮೆಯಾದರು. ಸಾವಿರ ಸಲ ಬಳಸಬಹುದಾದದ್ದನ್ನು ಬಿಟ್ಟು ಒಮ್ಮೆ ಬಳಸಿ ಎಸೆಯುವುದನ್ನು ಆರಿಸಿಕೊಂಡದ್ದರ ಫಲವಾಗಿ ಪಾಲಿಕಾರ್ಬೊನೇಟಿನ ರಾಶಿ ಕಸದ ಗುಂಡಿ ಸೇರಿತು. ಆ ಆಯ್ಕೆಯಲ್ಲಿ ನಾವು ದುಡ್ಡನ್ನು ಮಾತ್ರ ಎಣಿಸಿದೆವು.

ಸರಿಯಾಗಿ ಬಳಸಿದವರು ಇಲ್ಲದಿಲ್ಲ. ಕಂಪ್ಯೂಟರ್ ಕೇಂದ್ರಗಳಲ್ಲಿ ಟೇಪುಗಳ ಕಾಲದಿಂದ ನಡೆದುಬಂದ ಅಜ್ಜ-ಅಪ್ಪ-ಮಗ ಎಂಬ ಸರದಿಯೊಂದಿದೆ. ದಿನಕ್ಕೊಂದರಂತೆ ಬ್ಯಾಕಪ್ ಹಿಡಿಯುವ ತಟ್ಟೆಗಳು ಮಕ್ಕಳು. ಮುಂದಿನ ವಾರ ಅದೇ ದಿನ ಬಂದಾಗ ಆ ತಟ್ಟೆಯನ್ನೇ ಅಳಿಸಿ ಬಳಸುವುದು. ವಾರದ ಕೊನೆಯ ಬ್ಯಾಕಪ್ ಅಪ್ಪ. ಅದನ್ನು ಒಂದು ತಿಂಗಳು ಇಟ್ಟುಕೊಂಡು ಆಮೇಲೆ ಅಳಿಸುವುದು. ತಿಂಗಳ ಕೊನೆಯದು ಅಜ್ಜ. ಅದನ್ನು ಅಳಿಸದೆ ಬೇರೆ ಕಟ್ಟಡದಲ್ಲಿ ಇಡುವುದು. ಇಪ್ಪತ್ತು ಚಿಲ್ಲರೆ ತಟ್ಟೆಗಳಲ್ಲಿ ಒಂದು ಸಣ್ಣ ಕಚೇರಿಯ ವರ್ಷದ ಕೆಲಸ ನಿರಾತಂಕವಾಗಿ ನಡೆಯುತ್ತದೆ. ನಿನ್ನೆ ತಪ್ಪಿ ಅಳಿಸಿದ ಕಡತ ಮಗನಲ್ಲಿ ಸಿಗುತ್ತದೆ, ಮೂರು ವಾರದ ಹಿಂದೆ ಹಾಳಾಗಿ ಇವತ್ತು ಗಮನಕ್ಕೆ ಬಂದದ್ದು ಅಪ್ಪನಲ್ಲಿ. ರೀರೈಟಬಲ್ ತಟ್ಟೆಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ. ಬರೆದಾದ ಮೇಲೆ ಮೂಲದೊಡನೆ ತಾಳೆ ನೋಡುವ ವೆರಿಫೈ ಆಯ್ಕೆಯನ್ನು ಮಾತ್ರ ಎಂದೂ ಬಿಡಬಾರದು. ತಟ್ಟೆ ಸವೆಯುತ್ತಿದ್ದರೆ ಮೊದಲು ಗೊತ್ತಾಗುವುದು ಅಲ್ಲಿ.

ಗೊತ್ತಾಗುವುದು ತಡವಾಗುತ್ತದೆ ಎಂಬ ಅಪಾಯವೂ ಇದೆ. ಸಿ.ಡಿ.ಯಲ್ಲಿ ಅರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ಗಣಿತವನ್ನು ಆಧರಿಸಿದ ತಿದ್ದುಪಡಿಯ ವ್ಯವಸ್ಥೆಯಿದೆ. ಸುರುಳಿಯ ಉದ್ದಕ್ಕೆ ಎರಡು ಮಿಲಿಮೀಟರಿಗೂ ಹೆಚ್ಚು ಜಾಗ ಪೂರ್ತಿ ಹಾಳಾದರೂ ಅಕ್ಕಪಕ್ಕದಲ್ಲಿ ಚದುರಿಸಿಟ್ಟ ಹೆಚ್ಚುವರಿ ಅಂಕಿಗಳಿಂದ ಅದು ಕಳೆದದ್ದನ್ನು ಲೆಕ್ಕ ಹಾಕಿ ಮರಳಿ ಪಡೆಯುತ್ತದೆ. ತಟ್ಟೆ ಒಳಗೊಳಗೇ ಹದಗೆಡುತ್ತಿದ್ದರೂ ಫೈಲುಗಳು ಚಾಚೂ ತಪ್ಪದೆ ತೆರೆದುಕೊಳ್ಳುತ್ತಿರುತ್ತವೆ. ತಿದ್ದುಪಡಿಯ ಶಕ್ತಿ ಮೀರಿದ ದಿನ ಒಮ್ಮೆಲೇ ಏನೂ ತೆರೆಯುವುದಿಲ್ಲ.

ಮದುವೆಯ ಫೋಟೊಗಳ ಪ್ರಶ್ನೆಗೆ ಬರೋಣ. ನನ್ನ ಉತ್ತರ ಬೇಡ ಎಂದೇ. ಗಾಜಿನ ರೂಪ ಈ ಲೋಹಕ್ಕೆ ಸಹಜವಾದ ವಿಶ್ರಾಂತಿಯಲ್ಲ. ಅದರ ಅಣುಗಳು ಅವಕಾಶ ಸಿಕ್ಕರೆ ಹರಳಾಗಲು ಕಾದಿರುತ್ತವೆ. ತಣ್ಣಗಿದ್ದರೆ ಆ ಅವಕಾಶ ಬಹುಕಾಲ ಸಿಗುವುದಿಲ್ಲ, ಬಿಸಿ ಹೆಚ್ಚಿದಂತೆ ಬೇಗ ಸಿಗುತ್ತದೆ. ಸುಲಭವಾಗಿ ಅಳಿಸಬಹುದಾದ ಗುಣವೂ ತಾನಾಗಿ ಅಳಿಯಬಹುದಾದ ಗುಣವೂ ಒಂದೇ ಮೂಲದವು. ಅಮೆರಿಕದ ರಾಷ್ಟ್ರೀಯ ಮಾನಕಗಳ ಸಂಸ್ಥೆ 2003ರಲ್ಲಿ ಗ್ರಂಥಾಲಯಗಳಿಗಾಗಿ ಹೊರತಂದ ಕೈಪಿಡಿಯೂ ದೀರ್ಘಕಾಲದ ಸಂಗ್ರಹಕ್ಕೆ ರೀರೈಟಬಲ್ ತಟ್ಟೆಗಳನ್ನು ಶಿಫಾರಸು ಮಾಡಲಿಲ್ಲ. ಕೈತಪ್ಪಿ ಅಳಿಸುವ ಅಪಾಯ ಬೇರೆ. ಈಗಾಗಲೇ ಇಟ್ಟಿದ್ದರೆ ಡ್ರೈವು ಸಿಗುವ ದಿನಗಳಲ್ಲೇ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಒರೆಸುವುದಾದರೆ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ಸುತ್ತಾಗಿ ಬೇಡ. ಸುರುಳಿಯ ಗುಂಟ ಬಿದ್ದ ಗೀರು ತಿದ್ದುಪಡಿಯ ಶಕ್ತಿಯನ್ನು ಬೇಗ ಮೀರುತ್ತದೆ. ಒಳಗೆ ಸಿಕ್ಕ ಕನ್ನಡದ ಕಡತಗಳು ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿದ್ದರೆ ಅವನ್ನು ಯೂನಿಕೋಡಿಗೆ ಬದಲಿಸುವ ಕೆಲಸವನ್ನೂ ಜೊತೆಗೇ ಮುಗಿಸಿ. ತಟ್ಟೆ ಓದಿಯೂ ಬರಹ ಓದಲಾಗದಿದ್ದರೆ ಏನು ಬಂತು?

2025ರ ಫೆಬ್ರವರಿಯಲ್ಲಿ ಸೋನಿ ಕಂಪನಿ ಬರೆಯಬಹುದಾದ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ನಿಲ್ಲಿಸಿತು. ತಟ್ಟೆ ಹಿಂದೆ ಸರಿಯಿತು, ವಸ್ತು ಸರಿಯಲಿಲ್ಲ. ಬೆಳಕಿನ ಬದಲು ವಿದ್ಯುತ್ತಿನಿಂದಲೇ ಗಾಜು-ಹರಳು ಮಾಡುವ ಓವ್‌ಶಿನ್ಸ್ಕಿಯವರ ಮೊದಲ ಆಲೋಚನೆಗೆ ಮೆಮೊರಿ ಚಿಪ್ಪುಗಳ ಲೋಕದಲ್ಲಿ ಮರುಹುಟ್ಟು ಸಿಕ್ಕಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಈ ಗಾಜುಗಳ ನಂಟು ಹಳೆಯದು. ಟೆಲ್ಯೂರಿಯಮ್ ಗಾಜುಗಳ ಮೇಲೆ ಒತ್ತಡ ಮತ್ತು ವಿದ್ಯುತ್ತಿನ ಪರಿಣಾಮವನ್ನು ಇ.ಎಸ್.ಆರ್. ಗೋಪಾಲ್, ಎಸ್. ಅಶೋಕನ್ ಮುಂತಾದವರು 1980ರ ದಶಕದಿಂದಲೇ ಅಲ್ಲಿ ಅಧ್ಯಯನ ಮಾಡಿದ್ದಾರೆ.

ಚಿಪ್ಪಿನಲ್ಲೂ ದೊಡ್ಡ ತೊಡಕು ಕರಗುವಿಕೆಯದ್ದೇ. ಗಾಜು ಮಾಡಲು ಪ್ರತಿ ಸಲ ಕರಗಿಸಬೇಕು, ಕರಗಿಸಲು ವಿದ್ಯುತ್ ಬೇಕು, ಕರಗಿದಾಗಲೆಲ್ಲ ವಸ್ತು ಸವೆಯುತ್ತದೆ. 2024ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪವನ್ ನುಕಲ ಮತ್ತು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ರಿತೇಶ್ ಅಗರ್ವಾಲ್ ಅವರ ಬಳಗಗಳು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಈ ಗಂಟನ್ನೇ ಬಿಚ್ಚಲು ಹೊರಟಿದೆ. ಇಂಡಿಯಮ್ ಮತ್ತು ಸೆಲೀನಿಯಮ್ ಕೂಡಿದ ಹರಳಿನ ಸಣ್ಣ ತಂತಿಯೊಂದಕ್ಕೆ ಸತತವಾಗಿ ವಿದ್ಯುತ್ ಹಾಯಿಸಿದಾಗ ಅದು ಕರಗದೆಯೇ ಗಾಜಾಯಿತು. ಆ ಹರಳಿನ ಪದರಗಳು ವಿದ್ಯುತ್ತಿನ ಎಳೆತಕ್ಕೆ ಒಂದರ ಮೇಲೊಂದು ಸರಿಯುತ್ತವೆ, ಸರಿದಲ್ಲಿ ಬಿರುಕಿನಂಥ ದೋಷಗಳು ಹುಟ್ಟುತ್ತವೆ, ದೋಷಗಳು ಒಂದು ಮಟ್ಟ ಮುಟ್ಟಿದಾಗ ಹರಳಿನ ಒಂದು ತುಣುಕು ಕುಸಿದು ಗಾಜಾಗುತ್ತದೆ. ಆ ಕುಸಿತದ ಅದುರು ಹರಳಿನುದ್ದಕ್ಕೂ ಸಾಗಿ ಮುಂದಿನ ತುಣುಕುಗಳನ್ನೂ ಕೆಡವುತ್ತದೆ. ಕರಗಿಸುವ ದಾರಿಗೆ ಹೋಲಿಸಿದರೆ ಇದಕ್ಕೆ ಬೇಕಾಗುವ ಶಕ್ತಿ ನೂರು ಕೋಟಿಯ ಒಂದು ಪಾಲಿನವರೆಗೂ ಇಳಿಯಬಹುದೆಂದು ಅವರ ಲೆಕ್ಕ. ಇದು ಸದ್ಯಕ್ಕೆ ಪ್ರಯೋಗಾಲಯದ ತಂತಿಯಲ್ಲಿ ಕಂಡದ್ದು. ಇದನ್ನು ಚಿಪ್ಪಿನ ಮೇಲೆ ಕೂರಿಸಿ, ಗಾಜಿನಿಂದ ಹರಳಿಗೂ ಹರಳಿನಿಂದ ಗಾಜಿಗೂ ಲಕ್ಷಾಂತರ ಸಲ ಹೊರಳಿಸಿ ನೋಡುವ ಕೆಲಸ ಮುಂದಿದೆ.